ಸುಕನ್ಯಕ್ಕನ ಫೋನ್ ಕನೆಕ್ಷನ್

ಕಾಕ್ಸ್‌ಟೌನ್,
14 ಅಕ್ಟೋಬರ್ 2001

ಘನ ಅಧ್ಯಕ್ಷರೇ, ವೇದಿಕೆ ತುಂಬಿದ ಗಣ್ಯರೇ, ಜಾಗ ಸಿಗದೆ ಬಾಗಿಲಲ್ಲಿ ನಿಂತ ಬಂಧುಗಳೇ, ಮತ್ತು ಇವರೆಲ್ಲರ ಪರವಾಗಿ ಒಬ್ಬರೇ ಕೂತು ಓದುತ್ತಿರುವ ಹಲಸೂರಿನ ಸುಕನ್ಯಕ್ಕನವರೇ,

ಇಂದಿನ ಭಾಷಣದ ವಿಷಯ ಕನೆಕ್ಷನ್. ವಿಷಯ ಕೊಟ್ಟವರು ನೀವೇ. ನಾನು ನಿಮ್ಮ ಮಹಡಿ ಮನೆ ಖಾಲಿ ಮಾಡಿ ಐದು ವರ್ಷದ ಮೇಲೆ ಬಂದ ಮೊದಲ ಕಾಗದದಲ್ಲಿ ಬರೆದಿದ್ದೀರಿ: ಮಗಳು ಶ್ವೇತ ಗಂಡನ ಮನೆ ಬಿಟ್ಟು ಏಳು ತಿಂಗಳಾಯಿತು, ಪತ್ತೆಯಿಲ್ಲ. ಫೋನಿನಲ್ಲಿ ಕೇಳೋಣವೆಂದರೆ ಯಜಮಾನರು ಒಳಕೋಣೆಯ ಇನ್ನೊಂದು ರಿಸೀವರ್ ಎತ್ತಿ ಕೇಳಿಸಿಕೊಳ್ಳುತ್ತಾರೆ. ‘ನಿಂಗೆ ಶಿವಾಜಿನಗರದ ತುಂಬ ಕನೆಕ್ಷನ್ ಐತೆ ವಿಮಲಾ. ನಿನ್ ಸ್ಕೂಲ್ ಮಕ್ಕಳ ಅಪ್ಪ ಅಮ್ಮ ಎಲ್ಲಾ ಕಡೆ ಅವ್ರೆ. ನನ್ ಮಗಳು ಎಲ್ಲವ್ಳೆ ಹುಡುಕ್ಸು.’

ಕನ್ನಡ ಪಾಠ ಮಾಡಿ ಹೊಟ್ಟೆ ಹೊರೆಯುವವಳ ಕೈಗೆ ಇಂಗ್ಲಿಷ್ ಪದ ಸಿಕ್ಕರೆ ಸುಮ್ಮನೆ ಬಿಡುವುದುಂಟೆ? ಗ್ಯಾಸಿಗೆ ಕನೆಕ್ಷನ್, ನಲ್ಲಿಗೆ ಕನೆಕ್ಷನ್, ಇವೆರಡೂ ಬೇಗ ಸಿಗಬೇಕಾದರೆ ಆಫೀಸಿನೊಳಗೆ ಇನ್ನೊಂದು ಕನೆಕ್ಷನ್. ತಲೆ ಕೆಟ್ಟವನಿಗೆ ಲೂಸ್ ಕನೆಕ್ಷನ್. ಪಕ್ಕದ ಮನೆಯ ಗಂಡನ್ನೂ ಎದುರು ಮನೆಯ ಹೆಣ್ಣನ್ನೂ ಸೇರಿಸಿ ಅದೇ ಪದ ಆಡುವಾಗ ದನಿ ತಗ್ಗುತ್ತದೆ, ಕಣ್ಣು ಹಿಗ್ಗುತ್ತದೆ. ನಾವು ನಂಟು, ಸಂಬಂಧ, ಕೊಂಡಿ ಎಂದು ಬೇರೆ ಬೇರೆ ಮನೆ ಮಾಡಿಟ್ಟಿದ್ದೇವೆ. ಇಂಗ್ಲಿಷಿನವರು ಎಲ್ಲವನ್ನೂ ಒಂದೇ ವಠಾರಕ್ಕೆ ತಳ್ಳಿದ್ದಾರೆ.

ಆದರೆ ನಮ್ಮ ಬೀದಿಯಲ್ಲಿ ಆಗ ಕನೆಕ್ಷನ್ ಎಂದರೆ ನಿಮ್ಮ ಹಾಲಿನ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿದ್ದ ಫೋನು ಒಂದೇ. ನನ್ನ ಅರ್ಜಿ ಇನ್ನೂ ಸರದಿಯಲ್ಲಿತ್ತು. ಹಾಗಾಗಿ ನಿಮ್ಮ ನಂಬರನ್ನೇ ಬರೆದು, ಪಕ್ಕದಲ್ಲಿ ಪಿ.ಪಿ. ಎಂದು ಸೇರಿಸಿ ಊರಿಗೆ ಕೊಟ್ಟಿದ್ದೆ. ನನಗೆ ಫೋನ್ ಬಂದರೆ ನೀವು ಕರೆಯುತ್ತೀರಿ ಎಂದು ಆ ಎರಡು ಅಕ್ಷರದ ಅರ್ಥ. ನೀವೂ ಒಲೆಯ ಮೇಲಿನ ಒಗ್ಗರಣೆ ಬಿಟ್ಟು ಬಂದು ಕೂಗುತ್ತಿದ್ದಿರಿ. ಒಂಟಿ ಹೆಂಗಸಿಗೆ ಮನೆ ಕೊಟ್ಟವರು, ಫೋನೂ ಕೊಟ್ಟವರು. ನಿಮ್ಮನ್ನು ದೇವರ ಪಕ್ಕ ಇಟ್ಟಿದ್ದೆ.

1996ರ ಮೇ ತಿಂಗಳಲ್ಲಿ ಒಂದು ಭಾನುವಾರ, ಶ್ವೇತಳ ನಿಶ್ಚಿತಾರ್ಥ. ಬೆಳಗಿನ ಐದಕ್ಕೇ ಸೆರಗು ಸಿಕ್ಕಿಸಿ ನಿಮ್ಮ ಅಡುಗೆಮನೆ ಹೊಕ್ಕಿದ್ದೆ. ಎಂಟೂವರೆಗೆ ಫೋನು ಹೊಡೆದುಕೊಂಡಿತು. ಯಾರಕ್ಕ ಎಂದೆ. ‘ರಾಂಗ್ ನಂಬರು, ನೀನು ಹೂರಣ ನೋಡು’ ಅಂದಿರಿ. ನೋಡಿದೆ. ನೂರಿಪ್ಪತ್ತು ಹೋಳಿಗೆ ತಟ್ಟಿದೆ. ಗಂಡಿನ ಕಡೆಯವರ ಎಲೆಗೆ ತುಪ್ಪ ಬಡಿಸಿದೆ, ನಿಮ್ಮ ಬೀಗರು ಕೇಳಿದ್ದಕ್ಕೆ ಪ್ರಾಸ ಕಟ್ಟಿ ಒಂದು ಪದ್ಯ ಹೇಳಿ ನಗಿಸಿದೆ. ಮೂರೂವರೆಗೆ ಅವರ ಕಾರು ಬೀದಿ ದಾಟಿದ ಮೇಲೆ ನನ್ನನ್ನು ಹಿತ್ತಲಿಗೆ ಕರೆದು ಹೇಳಿದಿರಿ: ಬೆಳಗಿನ ಫೋನು ನಿನ್ನ ತಮ್ಮ ವಿರೂಪಾಕ್ಷನದು, ನಿಮ್ಮಪ್ಪ ಹೋಗಿಬಿಟ್ಟರಂತೆ.

‘ಶುಭಕಾರ್ಯದ ಮನೇಲಿ ಸಾವಿನ ಸುದ್ದಿ ಹೆಂಗೆ ಬಾಯ್ಬಿಡ್ಲಿ ವಿಮಲಾ? ಗಂಡಿನೋರು ಉಂಡು ಹೋಗ್ಲಿ ಅಂತ ಸುಮ್ನಿದ್ದೆ.’

ನಾಲ್ಕಕ್ಕೆ ಮಣ್ಣು ಎಂದು ತಮ್ಮ ನಿಮಗೆ ಎರಡು ಸಲ ಹೇಳಿದ್ದನಂತೆ. ಒಂಬತ್ತರ ಬಸ್ ಹತ್ತಿದ್ದರೆ ಮೂರರ ಹೊತ್ತಿಗೆ ಹರಿಹರ ಸೇರುತ್ತಿದ್ದೆ. ಅಪ್ಪನನ್ನು ಕೂರಿಸಿ, ವಿಭೂತಿ ಹಚ್ಚಿ, ಮಗಳು ಬರುತ್ತಾಳೆ ಎಂದು ಹೊತ್ತು ಇಳಿಯುವವರೆಗೂ ಕಾದರಂತೆ. ಆಮೇಲೆ ಕಾಯಲಿಲ್ಲ.

ತಿಂಗಳ ಕೊನೆಗೆ ಮನೆ ಬಿಟ್ಟೆ. ನೀರಿನ ತೊಂದರೆ ಅಂದೆ. ನೀರು ಚೆನ್ನಾಗಿಯೇ ಬರುತ್ತಿತ್ತು. ನಿಮ್ಮ ಮುಖ ನೋಡಲಾಗುತ್ತಿರಲಿಲ್ಲ.

ಈಗ ನಿಮ್ಮ ಕಾಗದಕ್ಕೆ ಬರುತ್ತೇನೆ. ಗಂಡನ ಹೊಡೆತ ತಾಳದೆ ಶ್ವೇತ ಮಾರ್ಚಿನಲ್ಲಿ ನಿಮ್ಮ ಗೇಟಿಗೆ ಬಂದಳು, ನಿಮ್ಮ ಯಜಮಾನರು ಪ್ರೇಮ್‌ಕುಮಾರ್ ಅವರು ಅಲ್ಲಿಂದಲೇ ಗಂಡನ ಮನೆಗೆ ತಿರುಗಿಸಿದರು ಎಂದು ಬರೆದಿದ್ದೀರಿ. ನೀವು ಕಿಟಕಿಯ ಪರದೆ ಹಿಡಿದು ನೋಡುತ್ತಿದ್ದುದನ್ನು ಬರೆದಿಲ್ಲ. ಅವಳಿಗಾಗ ಎರಡು ತಿಂಗಳು ತುಂಬಿತ್ತು. ಅದನ್ನೂ ನೀವು ಬರೆದಿಲ್ಲ, ಏಕೆಂದರೆ ನಿಮಗೆ ಗೊತ್ತಿಲ್ಲ. ಗೇಟಿನಾಚೆ ನಿಂತು ಕೂಗಿ ಹೇಳುವ ಸುದ್ದಿಯಲ್ಲವಲ್ಲ. ನನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಕನೆಕ್ಷನ್ ಇದೆ ಎಂದು ನೀವೇ ಬರೆದಿದ್ದೀರಿ.

ವಿಚಾರಿಸುತ್ತೇನೆ. ತಿಳಿದರೆ ತಿಳಿಸುತ್ತೇನೆ. ತಡವಾದರೆ ಬೇಸರ ಬೇಡ, ಸುದ್ದಿ ಬಾಯ್ಬಿಡಲು ನನಗೂ ಒಳ್ಳೆಯ ಗಳಿಗೆ ಕೂಡಿಬರಬೇಕು.

ಇಂತಿ ನಿಮ್ಮ ಮಾಜಿ ಬಾಡಿಗೆದಾರಳು,
ವಿಮಲಾಕ್ಷಿ

ಮರೆತ ಮಾತು: ವಿಚಾರಿಸುವುದು ಏನೂ ಇಲ್ಲ. ಶ್ವೇತ ಅಂದು ನಿಮ್ಮ ಗೇಟಿನಿಂದ ನೆಟ್ಟಗೆ ನನ್ನ ಮನೆಗೆ ಬಂದಳು. ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಹೆಣ್ಣು ಮಗು ಹುಟ್ಟಿ ಇವತ್ತಿಗೆ ಹನ್ನೊಂದು ದಿನ. ತವರಿನಲ್ಲಿ ನಿಮ್ಮ ಕೈಯಲ್ಲಿ ಆಗಬೇಕಿದ್ದ ಬಾಣಂತನವನ್ನು ನಾನು ಮಾಡುತ್ತಿದ್ದೇನೆ. ಮಗುವಿಗೆ ಎಣ್ಣೆ ನೀರು ಹಾಕಲು ನಮ್ಮ ಸ್ಕೂಲಿನ ಆಯಾ ಶಂಶುನ್ನೀಸಾ ಬಂದು ಹೋಗುತ್ತಾಳೆ.

ಬಂದ ಮರುದಿನ ಶ್ವೇತ, ‘ಅಮ್ಮಂಗೆ ಹೇಳಿದ್ರಾ ಆಂಟಿ?’ ಎಂದು ಕೇಳಿದಳು. ಹೇಳಿದೆ, ನಿಮ್ಮಮ್ಮ ಮಾತಾಡದೆ ಫೋನ್ ಇಟ್ಟುಬಿಟ್ಟರು ಅಂದೆ. ನಾನು ಡಯಲ್ಲೇ ಮಾಡಿರಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ಹೆರಿಗೆ ನೋವಿನಲ್ಲಿ ಮಾತ್ರ ಅಮ್ಮಾ ಎಂದು ನಿಮ್ಮನ್ನು ಕರೆದಳು. ನಾನು ಕೈ ಹಿಡಿದು, ಇಲ್ಲೇ ಇದೀನಿ ಅಂದೆ.

ನಿಮ್ಮ ಕಾಗದ ತೋರಿಸಿಲ್ಲ. ಬಾಣಂತನ ಮುಗಿದು ನಿಮ್ಮ ಹೊಟ್ಟೆ ಚೆನ್ನಾಗಿ ಉರಿದ ಮೇಲೆ ಹೇಳಿ ಕಳಿಸುವ ಲೆಕ್ಕದಲ್ಲಿದ್ದೆ. ಈಗ ಅದೂ ಕೈಮೀರುತ್ತಿದೆ. ಬೇಗ ಬನ್ನಿ ಅಕ್ಕ, ನನಗೆ ಮಗುವನ್ನು ಕೊಡಲು ಮನಸ್ಸಿಲ್ಲ.