ಮಗಳ ಸೀಟಿನಲ್ಲಿ ಕೂತ ತಾಯಿ

ಶಿಕಾರಿಪುರ
12 ಆಗಸ್ಟ್, ಸೋಮವಾರ

ಪೂಜ್ಯ ಅತ್ತೆಮ್ಮನವರಿಗೆ, ನಿಮ್ಮ ಸೊಸೆ ನೀಲಾಂಬಿಕ ಮಾಡುವ ಶರಣಾರ್ಥಿಗಳು.

ಮೊಣಕಾಲು ಹೇಗಿದೆ? ಆಪರೇಷನ್ ಆದ ಮೇಲೆ ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದಾರಂತೆ. ನೀವು ಕೇಳುವವರಲ್ಲ, ಗೊತ್ತು. ದಾವಣಗೆರೆಯಲ್ಲಿ ಮಗಳ ಮನೆಯ ಊಟ ಒಗ್ಗಿದೆಯೋ, ಖಾರ ಸಾಲದೆಂದು ಗೊಣಗುತ್ತಿದ್ದೀರೋ? ಫೋನು ಮಾಡಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ, ನಾನು ಕೂಗಿದ್ದು ಓಣಿಗೆಲ್ಲ ಕೇಳಿಸುತ್ತದೆ. ಈ ವಿಷಯ ಕೂಗಿ ಹೇಳುವಂಥದ್ದಲ್ಲ, ಅದಕ್ಕೇ ಕಾಗದ. ಒಬ್ಬರೇ ಇದ್ದಾಗ ಓದಿ.

ಸೊರಬದ ಬೀಗಿತ್ತಿ ಬಸಕ್ಕ ಇಷ್ಟು ಹೊತ್ತಿಗೆ ನಿಮಗೆ ಸುದ್ದಿ ಮುಟ್ಟಿಸಿರುತ್ತಾರೆ. ನಿಮ್ಮ ಸೊಸೆ ಏಳು ತಿಂಗಳ ಬಸುರಿ ಮಗಳನ್ನು ಸುರಿಯುವ ಮಳೆಯಲ್ಲಿ ಬಸ್ಸಿಗೆ ಅಟ್ಟಿ, ತಾನು ಗಂಡನ ಪಕ್ಕ ಕಾರಿನಲ್ಲಿ ಮೆರೆದುಕೊಂಡು ಹೋದಳು ಎಂದು. ನಿಜ, ಹಾಗೇ ಮಾಡಿದೆ. ಯಾಕೆಂದು ನಿಮಗೊಬ್ಬರಿಗೇ ಹೇಳುತ್ತಿದ್ದೇನೆ.

ಮೊದಲು ಆ ಕಾರಿನ ವಿಷಯ. ನೀವು ದಾವಣಗೆರೆಗೆ ಹೋದ ಮೇಲೆ ಮನೆಗೆ ವಕ್ಕರಿಸಿದ ಪೀಡೆ ಅದು. ಕಾಲೇಜಿನ ಪಿ.ಟಿ. ಮೇಷ್ಟರ ಕೆಲಸದಿಂದ ರಿಟೈರ್ ಆದರೂ ನಿಮ್ಮ ಮಗನಿಗೆ ಸೀಟಿ ಊದುವ ಹುರುಪು ಇಳಿದಿಲ್ಲವಲ್ಲ. ಚಿಕ್ಕಮಗಳೂರಿನ ಹಳೇ ಗೆಳೆಯನ ಶೆಡ್ಡಿನಲ್ಲಿ ಕೊಳೆಯುತ್ತಿದ್ದ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರನ್ನು ಲಾರಿಯ ಮೇಲೆ ಹೇರಿಸಿ ತಂದರು. ನಮ್ಮ ಮದುವೆಗಿಂತ ಹಳೆಯದು. ಎರಡೇ ಸೀಟು. ಮೇಲೆ ಚಾವಣಿಯಿಲ್ಲ, ಹರಿದ ಕ್ಯಾನ್ವಾಸು. ಕೂತರೆ ರಸ್ತೆಯ ಮೇಲೇ ಕೂತಂತೆ. ಸೀಟಿನ ಸ್ಪಂಜಿನೊಳಗೆ ಇಲಿ ಮರಿ ಹಾಕಿತ್ತು, ಆ ಕೆಂಪು ಮರಿಗಳನ್ನು ಕಡ್ಡಿಯಿಂದ ಎತ್ತಿ ಹಾಕಿದವಳು ನಾನು. ಮಳೆಗಾಲ ಹಿಡಿದ ಮೇಲೆ ಕಾಲ ಕೆಳಗಿನ ಚಾಪೆಯಲ್ಲಿ ಅಣಬೆ ಎದ್ದವು. ಇಲಿಯ ಉಚ್ಚೆ, ಬೂಷ್ಟು, ಪೆಟ್ರೋಲು ಮೂರೂ ಸೇರಿದ ನಾತ ನನ್ನ ಸೀರೆಗೆ ಹತ್ತಿ, ಪೂಜೆಗೆ ಕೂತರೂ ಮೂಗಿಗೆ ಬಡಿಯುತ್ತದೆ. ಇಷ್ಟು ವರ್ಷದ ಸಂಸಾರದಲ್ಲಿ ಒಂದು ದಿನ ನನ್ನ ಬೆನ್ನಿಗೆ ಎಣ್ಣೆ ತಿಕ್ಕದ ಕೈ ದಿನಾ ಬೆಳಿಗ್ಗೆ ಅದರ ಬಾನೆಟ್ಟು ತಿಕ್ಕುತ್ತದೆ. ಥೂ, ನನಗೆ ನೋಡಲಾಗುವುದಿಲ್ಲ.

ಪಂಚಮಿಗೆ ಶೃತಿಯನ್ನು ಸೊರಬದಿಂದ ಕರೆತರಬೇಕಿತ್ತು, ಹೆರಿಗೆಯೂ ಇಲ್ಲೇ ಎಂದು ಮಾತಾಗಿತ್ತಲ್ಲ. ತವರಿನ ಗಾಡಿಯಲ್ಲೇ ಮಗಳು ಬರಬೇಕೆಂದು ನಿಮ್ಮ ಮಗ ಹಟ ಹಿಡಿದರು. ಎರಡು ಸೀಟಿನಲ್ಲಿ ಮೂರು ಜನ ಹೇಗೆ ಎಂದು ಕೇಳಿದರೆ, "ಬರೋವಾಗ ನೀ ಬಸ್ಸಿಗೆ ಬಾ, ಮಗಳು ನನ್ ಜೊತಿ ಬರ್ತಾಳ" ಎಂದರು. ಊರು ದಾಟುವಾಗ ಜಿಟಿಜಿಟಿ ಇದ್ದ ಮಳೆ ಶಿರಾಳಕೊಪ್ಪಕ್ಕೆ ಬರುವ ಹೊತ್ತಿಗೆ ಹುಯ್ಯತೊಡಗಿತು. ವೈಪರು ಎರಡಿದ್ದರೂ ಆಡುವುದು ಒಂದೇ, ಅದೂ ಮನಸ್ಸು ಬಂದಾಗ. ಮೇಲಿನ ತೂತಿನಿಂದ ಕತ್ತಿನ ಮೇಲೆ ನೀರು, ಕೆಳಗಿನ ತೂತಿನಿಂದ ಕಾಲಿಗೆ ಕೆಸರು. ಮಂಜು ಹಿಡಿದ ಗಾಜನ್ನು ನಾನು ಸೆರಗಿನಿಂದ ಒರೆಸುತ್ತಲೇ ಇದ್ದೆ. ಎದುರಿಗೆ ಬಂದ ಲಾರಿಯೊಂದು ಗುಂಡಿಯ ರಾಡಿಯನ್ನು ನೇರ ಒಳಕ್ಕೇ ಎರಚಿ ಹೋಯಿತು. ಬಾಯಿಗೂ ಬಿತ್ತು. ನಾನು ಉಗುಳುತ್ತಿದ್ದರೆ ನಿಮ್ಮ ಮಗನಿಗೆ ನಗು. ಒದ್ದೆಯಾದ ಬ್ರೇಕು ತಡವಾಗಿ ಹಿಡಿಯುತ್ತದಂತೆ, ತಿರುವಿನಲ್ಲಿ ಹಿಂದಿನ ಗಾಲಿ ಜಾರುತ್ತದಂತೆ, ಆಗ ಸ್ಟೇರಿಂಗನ್ನು ಹೇಗೆ ತಿರುಗಿಸಬೇಕೆಂದು ನನಗೆ ಪಾಠ ಬೇರೆ.

ಶಿರಾಳಕೊಪ್ಪ ದಾಟಿದ ಮೇಲೆ ರಸ್ತೆ ತುಂಬ ಕುರಿ ನಿಂತಿದ್ದವು. ಕಂಬಳಿ ಕೊಪ್ಪೆ ಹಾಕಿಕೊಂಡ ಕುರಿಯವನು ನಡುವೆ ಕೈ ಎತ್ತಿ ನಿಂತಿದ್ದ. ನನಗೆ ದೂರದಿಂದಲೇ ಕಂಡಿತು. ಈಗ ನಿಲ್ಲಿಸುತ್ತಾರೆ, ಈಗ ನಿಲ್ಲಿಸುತ್ತಾರೆ ಎಂದು ಕಾದೆ. ನಿಲ್ಲಿಸಲಿಲ್ಲ. ನಾನು ಕಿರುಚಿದ ಮೇಲೆ ಬ್ರೇಕು ತುಳಿದರು. ಕಾರು ಅಡ್ಡಡ್ಡ ಜಾರಿ, ಒಂದು ಸುತ್ತು ಹಾಕಿ, ಬಂದ ದಾರಿಗೇ ಮುಖ ಮಾಡಿ ಚರಂಡಿಯ ಅಂಚಿನಲ್ಲಿ ನಿಂತಿತು. ಪುಣ್ಯಕ್ಕೆ ಒಂದು ಕುರಿಗೂ ತಾಗಲಿಲ್ಲ. "ಏನ್ ಸಾಮಿ, ಕಣ್ ಕಾಣಂಗಿಲ್ಲೇನು? ಇಷ್ಟ್ ಕುರಿ ನಿಂತಾವು!" ಎಂದು ಕುರಿಯವನು ಬೈದ. ಬೇರೆ ದಿನವಾಗಿದ್ದರೆ ನಿಮ್ಮ ಮಗ ತೋಳೇರಿಸಿಕೊಂಡು ಇಳಿಯುತ್ತಿದ್ದರು. ಅವತ್ತು ಸ್ಟೇರಿಂಗ್ ಬಿಡದೆ ಕೂತೇ ಇದ್ದರು. ಆಮೇಲೆ ಮೆಲ್ಲಗೆ, "ಕಾಣ್ಲಿಲ್ಲ ನೀಲಾ. ಮಳಿ ಬಂದ್ರ ನಂಗ ಎಲ್ಲಾ ಬೆಳ್ಳಗ ಕಾಣ್ತೈತಿ" ಎಂದರು.

ಒಂದು ವರ್ಷದಿಂದ ಕಣ್ಣು ಮಂಜಾಗುತ್ತ ಬಂದಿದೆಯಂತೆ, ಅತ್ತೆಮ್ಮ. ಯಾವ ಡಾಕ್ಟರಿಗೂ ತೋರಿಸಿಲ್ಲ. ಮಾವನವರ ಕಣ್ಣು ಹೋದಾಗ ಅವರನ್ನು ಕೈ ಹಿಡಿದು ಬಚ್ಚಲಿಗೆ ಕರೆದೊಯ್ಯುತ್ತಿದ್ದವರು ಇವರೇ ಅಲ್ಲವೆ? "ನನಗೂ ಕೋಲು ಹಿಡಿಸ್ತಾರ, ಅದು ಬ್ಯಾಡ" ಎಂದು ಮಕ್ಕಳ ಹಾಗೆ ಅತ್ತರು. ಮಗಳಿಗೆ, ಬೀಗರಿಗೆ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡರು. ಕೊಟ್ಟೆ. ತಾಯಿಗೆ ಹೇಳಬೇಡ ಎಂದು ಅವರು ಕೇಳಲಿಲ್ಲ, ನಾನೂ ನೆನಪಿಸಲಿಲ್ಲ.

ಇಷ್ಟಾದ ಮೇಲೆ ಕಾರನ್ನು ಸೊರಬದಲ್ಲೇ ಬಿಡುತ್ತಾರೆಂದುಕೊಂಡಿದ್ದೆ. ಬೀಗರ ಮನೆಯ ಹೋಳಿಗೆ ತುಪ್ಪ ಹೊಟ್ಟೆಗೆ ಬಿದ್ದದ್ದೇ ತಡ, ಜಗಲಿಯ ಮೇಲೆ ನಿಂತು, "ಬಾ ಶೃತಿ, ನಿನ್ನ ರಾಣಿ ಹಂಗ ಕರ್ಕೊಂಡ್ ಹೋಗ್ತೀನಿ" ಎಂದರು. ಆಗಷ್ಟೇ ದಾರಿಯಲ್ಲಿ ಅತ್ತಿದ್ದ ಮನುಷ್ಯ! ಮೂವತ್ತು ವರ್ಷ ಬಾಳಿದ ಗಂಡನ ಮೇಲೆ ಅಷ್ಟು ಹೇಸಿಗೆ ನನಗೆ ಎಂದೂ ಬಂದಿರಲಿಲ್ಲ. ಅಪ್ಪನ ಮುದ್ದಿನ ಮಗಳು ಆಗಲೇ ಕೊಡೆ ಬಿಚ್ಚಿ ಹೊರಟಿದ್ದಳು. ಸೀಟು ಒದ್ದೆಯಾಗಿದೆ, ನಾತಕ್ಕೆ ವಾಂತಿ ಬರುತ್ತದೆ ಎಂದೆ. ನಿಮ್ಮ ಮಗ ಸೀಟಿಗೆ ಟವೆಲು ಹಾಸಿದರು. ಬೀಗರೆಲ್ಲ ನಿಂತಿದ್ದರು. ಅವರ ಎದುರು ಶೃತಿಯ ಅಪ್ಪನಿಗೆ ಕಣ್ಣು ಕಾಣುವುದಿಲ್ಲ ಎಂದು ಹೇಗೆ ಹೇಳಲಿ? ಸುಮ್ಮನೆ ಹೋಗಿ ಬಾಗಿಲು ತೆಗೆದು ಆ ಸೀಟಿನಲ್ಲಿ ನಾನೇ ಕೂತುಬಿಟ್ಟೆ. ಬಸ್ಸು ನನಗೆ ಒಗ್ಗುವುದಿಲ್ಲ, ನಾನು ಇಳಿಯುವವಳಲ್ಲ ಎಂದೆ. "ಎಂಥ ಬೀಗ್ತೇರೆ ಇದು? ಬಸುರಿ ಹುಡುಗೀನ ಬಸ್ಸಿಗೆ ಹತ್ಸಿ ನಿಮಗೆ ಕಾರೇ ಬೇಕಾಯ್ತಾ? ಇಂಥಾ ತಾಯೀನ ನಾನಂತೂ ಕಂಡಿಲ್ಲ" ಎಂದರು ಬಸಕ್ಕ. ಶೃತಿಯ ಕಣ್ಣು ತುಂಬಿತು. ಮಳೆಗೆ ಬಾಡಿಗೆ ಕಾರಿನವರು ಯಾರೂ ಫೋನ್ ಎತ್ತದೆ, ಅಳಿಯ ನಾಗರಾಜ್ ಅವಳನ್ನು ಬಸ್ಸಿನಲ್ಲೇ ಕರೆತಂದರು.

ಬರುವ ದಾರಿಯುದ್ದಕ್ಕೂ ನಾನು ಎಡಕ್ಕೆ, ನಿಧಾನ, ಹಂಪು, ಎದುರಿಗೆ ಲಾರಿ ಎಂದು ಒದರಿ ಒದರಿ ಗಂಟಲು ಕಟ್ಟಿತು. ಮನೆಯ ಮುಂದೆ ಇಳಿದು ನಿಮ್ಮ ಮಗ ಪಕ್ಕದ ಮನೆಯವರಿಗೆ ಹೇಳಿದ್ದೇನು ಗೊತ್ತೆ? "ಈ ಮಳ್ಯಾಗೂ ಹೆಂಗ್ ಬಂತು ನೋಡ್ರಿ ಗಾಡಿ!"

ಬಸಕ್ಕನ ನಾಲಿಗೆಯನ್ನು ನಾನು ತಡೆದುಕೊಳ್ಳಬಲ್ಲೆ. ಆದರೆ ಶೃತಿ ನಾನು ಕಟ್ಟಿದ ಪಂಚಮಿ ಉಂಡೆಯನ್ನು ಮುಟ್ಟಿಲ್ಲ. ನಾನು ಕೋಣೆಗೆ ಹೋದರೆ ಗೋಡೆಯ ಕಡೆ ಹೊರಳುತ್ತಾಳೆ. ಚೊಚ್ಚಲ ಹೆರಿಗೆಗೆ ಬಂದ ಮಗಳು ತಾಯಿಯ ಮುಖ ನೋಡದಿದ್ದರೆ ಹೇಗೆ ತಡೆದುಕೊಳ್ಳಲಿ? ನಿಮ್ಮ ಮಗನಿಗೆ ಇದೂ ಗೊತ್ತು, ಆದರೂ ಬಾಯಿ ಬಿಡುವುದಿಲ್ಲ. ಏನು ಮಾಡಲಿ, ನೀವೇ ಹೇಳಿ.

ನಾದಿನಿಗೆ ನನ್ನ ಶರಣು ತಿಳಿಸಿ, ಮಕ್ಕಳಿಗೆ ಮುತ್ತು. ಮಾತ್ರೆ ತಪ್ಪಿಸಬೇಡಿ.

ಇಂತಿ ನಿಮ್ಮ ಸೊಸೆ,
ನೀಲಾಂಬಿಕ

ವಿ.ಸೂ.: ಈಗ ತಾನೆ ನಿಮ್ಮ ಮಗ ಬಂದು ನನ್ನ ಬೆನ್ನ ಹಿಂದೆ ನಿಂತರು. ಕಾಗದ ಮುಚ್ಚಲು ಆಗಲಿಲ್ಲ. ಕಿಟಕಿಯ ಬೆಳಕೆಲ್ಲ ಅದರ ಮೇಲೇ ಇತ್ತು. ಬಗ್ಗಿ ನೋಡಿದರು, ನನ್ನ ಜೀವ ಬಾಯಿಗೆ ಬಂತು. "ಅವ್ವಗೇನು? ಏನೇನ್ ಬರ್ದಿ, ಓದು" ಎಂದರು. ನಿಮ್ಮ ಮೊಣಕಾಲು, ಊಟ ಎಂದು ಬಾಯಿಗೆ ಬಂದದ್ದು ಓದಿದೆ. "ಭಾನುವಾರ ಕಾರ್ ತಗೊಂಡು ಕರಿಯಾಕ ಬರ್ತೀನಿ, ತಯಾರಾಗಿರು ಅಂತ ಬರಿ" ಎಂದರು. ಬರೆದಿದ್ದೇನೆ. ಪಕ್ಕದ ಸೀಟಿನಲ್ಲಿ ನಾನೂ ಇರುತ್ತೇನೆ, ಅವರನ್ನು ಒಬ್ಬರನ್ನೇ ಕಳಿಸಲಾರೆ. ನಾವು ಬಂದು ಮುಟ್ಟಿದರೆ, ಮೊದಲು ಕೀ ಇಸಿದುಕೊಂಡು ನಿಮ್ಮ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಅಲ್ಲಿಂದ ತೆಗೆಯುವ ಧೈರ್ಯ ಅವರಿಗಿಲ್ಲ.