ಹಳದಿ ಪಟ್ಟಿ ಬಂದರೆ ಒತ್ತಿ ಎಂದವರಿಗೆ

ಮಾನ್ಯರೇ,

ಆಸ್ಪತ್ರೆಯ ಮಾಹಿತಿ ಭದ್ರತಾ ವಿಭಾಗದ ಮುಖ್ಯಸ್ಥರಾದ ತಮಗೆ, ಅದೇ ಆಸ್ಪತ್ರೆಯ ಬೆರಳಚ್ಚು ಕೋಣೆಯ ನೌಕರನೊಬ್ಬ ಬರೆಯುತ್ತಿದ್ದೇನೆ. ಗುಂಡಿ ಒತ್ತಿ ಎಂದು ಆರು ವರ್ಷ ನಮಗೆ ಹೇಳಿಕೊಟ್ಟವರು ನೀವು. ಒತ್ತಿದರೆಂದು ಅಮಾನತಾಗಿ ಮನೆಯಲ್ಲಿ ಕೂತಿರುವವರು ನಮ್ಮ ದೊಡ್ಡಕ್ಕ. ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯರಾದ್ದರಿಂದ ನಮಗೆಲ್ಲ ಅವರು ದೊಡ್ಡಕ್ಕ. ಬರುವ ಮಂಗಳವಾರ ಅವರ ವಿಚಾರಣೆ. ಆರೋಪಪಟ್ಟಿಯಲ್ಲಿ ‘ಘೋರ ನಿರ್ಲಕ್ಷ್ಯ’ ಎಂದು ಬರೆದಿದ್ದೀರಿ. ತಮ್ಮ ಕಚೇರಿಗೆ ಗುಟ್ಟಾಗಿ ಬರೆದರೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬರುತ್ತದೆಂದು ಅನುಭವದಿಂದ ಬಲ್ಲೆ. ಅದಕ್ಕೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಮ್ಮ ಕೋಣೆಗೆ ತಾವು ಬಂದವರಲ್ಲವಾದ್ದರಿಂದ ಸ್ವಲ್ಪ ವಿವರಿಸಬೇಕು. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದ ಪಕ್ಕ, ಏಳು ಮೇಜು, ಏಳು ಕಂಪ್ಯೂಟರು. ವೈದ್ಯರು ಬಾಯಲ್ಲಿ ಹೇಳಿ ಧ್ವನಿಮುದ್ರಿಸಿಟ್ಟ ವರದಿಗಳನ್ನು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತ ನಾವು ಬೆರಳಚ್ಚು ಮಾಡುತ್ತೇವೆ. ಪ್ರತಿ ವರದಿಗೂ ನೀವು ಕೊಟ್ಟ ನಮೂನೆಯ ಕಡತವನ್ನೇ ತೆರೆಯಬೇಕು. ಅದರೊಳಗೆ ಮ್ಯಾಕ್ರೋ ಎಂಬುದೊಂದು ಇದೆ. ಅಂದರೆ ಕಡತದ ಹೊಟ್ಟೆಯಲ್ಲಿ ಕೂತು ತನ್ನಷ್ಟಕ್ಕೇ ಕೆಲಸ ಮಾಡುವ ಆಜ್ಞೆಗಳ ಸಾಲು. ಒಳ್ಳೆಯವರು ಬರೆದರೆ ಒಳ್ಳೆಯ ಕೆಲಸ, ಕಳ್ಳರು ಬರೆದರೆ ಕಳ್ಳತನ. ಯಾರು ಬರೆದದ್ದೋ ಕಂಪ್ಯೂಟರಿಗೆ ಗೊತ್ತಿಲ್ಲ. ಪಾಪ, ಅದು ತಲೆಯ ಮೇಲೊಂದು ಹಳದಿ ಪಟ್ಟಿ ಬಿಡಿಸಿ, ‘ಭದ್ರತಾ ಎಚ್ಚರಿಕೆ, ಮ್ಯಾಕ್ರೋ ತಡೆಹಿಡಿಯಲಾಗಿದೆ, ಬೇಕಿದ್ದರೆ ಈ ಗುಂಡಿ ಒತ್ತಿ’ ಎಂದು ಕೇಳುತ್ತದೆ. ಕೇಳುವುದು ಅದರ ಧರ್ಮ. ಉತ್ತರ ಏನೆಂದು ನಮಗೆ ಬಾಯಿಪಾಠ ಮಾಡಿಸಿದವರು ನಿಮ್ಮ ವಿಭಾಗದವರು.

ತರಬೇತಿಯ ದಿನ ನನಗೆ ಚೆನ್ನಾಗಿ ನೆನಪಿದೆ. ನಿಮ್ಮ ತರಬೇತುದಾರರು ಬಂದು ಒಂದೇ ಕಂಪ್ಯೂಟರಿನ ಸುತ್ತ ನಮ್ಮನ್ನೆಲ್ಲ ನಿಲ್ಲಿಸಿಕೊಂಡರು. ಹಳದಿ ಪಟ್ಟಿ ಕಂಡಿದ್ದೇ ದೊಡ್ಡಕ್ಕ ಕನ್ನಡಕ ಸರಿಮಾಡಿಕೊಂಡು, “ಇದೇನೋ ಎಚ್ಚರಿಕೆ ಅಂತಿದ್ಯಲ್ಲ ಸಾರ್, ಒತ್ತಬಹುದಾ?” ಎಂದು ಕೇಳಿದರು.

“ಅಯ್ಯೋ, ಅದು ಯಾವಾಗ್ಲೂ ಹಂಗೇ ಬರತ್ತಮ್ಮ. ಒತ್ತಿ, ಮುಂದೆ ಹೋಗಿ. ಓದ್ತಾ ಕೂತ್ರೆ ಕೆಲಸ ಆಗುತ್ತಾ?”

“ಅಲ್ಲ, ಬೇರೆ ಯಾರಾದ್ರೂ ಕಳಿಸಿದ್ ಫೈಲಲ್ಲೂ ಹಿಂಗೇ ಬಂದ್ರೆ?”

“ನಿಮಗೆ ಬೇರೆ ಯಾರು ಕಳಿಸ್ತಾರೆ ಬಿಡಿ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಆ ಮಹಾಶಯರು ಜೇಬಿನಿಂದ ಕೆಂಪು ಬಾಣದ ಚೀಟಿಗಳನ್ನು ತೆಗೆದು, ಏಳೂ ಪರದೆಗಳ ಅಂಚಿಗೆ, ಗುಂಡಿ ಎಲ್ಲಿ ಬರುತ್ತದೋ ಅಲ್ಲಿಗೇ ಗುರಿಯಿಟ್ಟು ಅಂಟಿಸಿ ಹೋದರು. ಆ ಚೀಟಿಗಳು ಈಗಲೂ ಅಲ್ಲಿವೆ. ತನಿಖೆಗೆ ಬಂದವರು ತಂತಿ, ಕೀಲಿಮಣೆ, ಮೇಜಿನ ಖಾನೆ ಎಲ್ಲದರ ಚಿತ್ರ ತೆಗೆದರು. ಬಾಣ ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲವಂತೆ!

ದಿನಕ್ಕೆ ನಲವತ್ತು ವರದಿ, ನಲವತ್ತು ಹಳದಿ ಪಟ್ಟಿ. ಆರು ವರ್ಷಕ್ಕೆ ಒಬ್ಬೊಬ್ಬರೂ ಹತ್ತಿರಹತ್ತಿರ ಅರವತ್ತು ಸಾವಿರ ಸಲ ಒತ್ತಿದ್ದೇವೆ. ಅರವತ್ತು ಸಾವಿರ ಸಲ ಕಂಡ ಎಚ್ಚರಿಕೆಯನ್ನು ಯಾರಾದರೂ ಎಚ್ಚರಿಕೆ ಎನ್ನುತ್ತಾರೆಯೇ ಸ್ವಾಮಿ? ಅಷ್ಟಕ್ಕೂ ನಿಮ್ಮ ಮ್ಯಾಕ್ರೋ ಮಾಡುವ ಘನಕಾರ್ಯ ಏನೆಂದು ಮೊನ್ನೆ ತಿಳಿದವರೊಬ್ಬರಿಂದ ತೆಗೆಸಿ ನೋಡಿದೆ. ಹನ್ನೊಂದು ಸಾಲು. ಮೂಲೆಯಲ್ಲಿ ಇವತ್ತಿನ ತಾರೀಖು ಹಾಕುತ್ತದೆ, ರೋಗಿಯ ಹೆಸರನ್ನು ದಪ್ಪ ಮಾಡುತ್ತದೆ. ತಾರೀಖು ನಾವು ಹಾಕುತ್ತಿರಲಿಲ್ಲವೇ? ಕೈ ಬಿದ್ದುಹೋಗಿತ್ತೇ ನಮ್ಮದು?

ಮೂರು ತಿಂಗಳಿಗೊಮ್ಮೆ ಪರಿಷ್ಕೃತ ನಮೂನೆ ನಿಮ್ಮಿಂದ ಮಿಂಚಂಚೆಯಲ್ಲಿ ಬರುತ್ತದೆ. ‘ಕೂಡಲೇ ತೆರೆದು ಬಳಸತಕ್ಕದ್ದು’ ಎಂಬ ಒಕ್ಕಣೆ, ಮೇಲೆ ಲಾಂಛನ, ಕೆಳಗೆ ನಿಮ್ಮ ಹುದ್ದೆ. ಕಳೆದ ತಿಂಗಳು ಬಂದದ್ದರಲ್ಲೂ ಅಷ್ಟೂ ಇತ್ತು. ಕಳಿಸಿದವರು ಮಾತ್ರ ನೀವಾಗಿರಲಿಲ್ಲ. ದೊಡ್ಡಕ್ಕ ತೆರೆದರು, ಹಳದಿ ಪಟ್ಟಿ ಬಂತು, ಬಾಣ ತೋರಿಸಿದಲ್ಲಿ ಒತ್ತಿದರು. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ವರದಿಗಳೆಲ್ಲ ಬೀಗ ಹಾಕಿದಂತಾಗಿ, ಮೂರು ದಿನ ಒಂದೂ ತೆರೆಯಲಿಲ್ಲ.

ಅದರಿಂದ ಆದ ತೊಂದರೆ ಸಣ್ಣದೆಂದು ನಾನು ಹೇಳುವುದಿಲ್ಲ. ಗಂಟಲಿನ ಗಡ್ಡೆಯ ವರದಿಗೆ ಕಾಯುತ್ತಿದ್ದ ಬಸ್ ಚಾಲಕರೊಬ್ಬರು ಮೂರು ದಿನ ವರದಿ ಕೊಡುವ ಕಿಟಕಿಯ ಮುಂದೆ ನಿಂತು ವಾಪಸ್ಸು ಹೋದರು. ದೊಡ್ಡಕ್ಕ ಅತ್ತದ್ದು ಅವರಿಗಾಗಿ, ತಮಗಾಗಿ ಅಲ್ಲ. ಹೋದ ಭಾನುವಾರ ಅವರ ಮನೆಗೆ ಹೋಗಿದ್ದೆ. ಇಪ್ಪತ್ತಾರು ವರ್ಷ ದುಡಿದ ಹೆಂಗಸು, ಊಟದ ಮೇಜಿನ ಮೇಲೆ ಆರೋಪಪಟ್ಟಿ ಹರಡಿಕೊಂಡು ಅದರಲ್ಲಿದ್ದ ಬೆರಳಚ್ಚಿನ ತಪ್ಪುಗಳನ್ನು ಪೆನ್ಸಿಲಿನಲ್ಲಿ ತಿದ್ದುತ್ತ ಕೂತಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಕೆಲಸ ಹೋದ್ರೆ ಹೋಗ್ಲಿ ಕಣೋ. ಇನ್ನೆಷ್ಟು ದಿನ ಮಾಡ್ತಿದ್ದೆ? ಆದ್ರೆ ನಿರ್ಲಕ್ಷ್ಯ ಅಂತ ಬರೆದಿದ್ದಾರಲ್ಲ, ಅದೊಂದು ತೆಗೀಲಿ. ನಾನು ಅವತ್ತೇ ಕೇಳಿದ್ನಲ್ಲೋ, ಒತ್ತಬಹುದಾ ಅಂತ. ನೀನೂ ಇದ್ದೆಯಲ್ಲ?”

ಇದ್ದೆ ಎಂದೆ.

ಘಟನೆಯಾದ ಮೇಲೆ ನೀವೊಂದು ಸುತ್ತೋಲೆ ಹೊರಡಿಸಿದಿರಿ. ‘ಯಾವುದೇ ಕಾರಣಕ್ಕೂ ಮ್ಯಾಕ್ರೋಗಳನ್ನು ಸಕ್ರಿಯಗೊಳಿಸಬಾರದು’ ಎಂದು ದಪ್ಪಕ್ಷರ. ಓದಿದ್ದೇವೆಂದು ದೃಢೀಕರಿಸಲು ಜೊತೆಗೊಂದು ಕಡತ. ತೆರೆದರೆ ಹಳದಿ ಪಟ್ಟಿ! ಒತ್ತಿದರೆ ಆಜ್ಞೆ ಮೀರಿದಂತೆ, ಒತ್ತದಿದ್ದರೆ ಓದಿಲ್ಲವೆಂದು ಜ್ಞಾಪನಾಪತ್ರ. ಆ ಪತ್ರ ನನಗೆ ಬಂದಿದೆ, ಇಟ್ಟುಕೊಂಡಿದ್ದೇನೆ. ಸಿಟ್ಟು ಮಾಡಲೂ ಈಗ ಶಕ್ತಿಯಿಲ್ಲ ಸ್ವಾಮಿ, ಸಾಕಾಗಿದೆ.

ನಾವು ಕೇಳುವುದು ನಿಮ್ಮ ಕೈಮೀರಿದ್ದಲ್ಲ. ನಮೂನೆಯಿಂದ ಆ ಹನ್ನೊಂದು ಸಾಲು ಕಿತ್ತುಹಾಕಿ. ಇಟ್ಟುಕೊಳ್ಳಲೇಬೇಕೆಂದಿದ್ದರೆ ಅದಕ್ಕೆ ನಿಮ್ಮ ಡಿಜಿಟಲ್ ಸಹಿ ಹಾಕಿ, ಸಹಿಯಿಲ್ಲದ ಮ್ಯಾಕ್ರೋಗಳನ್ನು ನಮ್ಮನ್ನು ಕೇಳದೆಯೇ ತಡೆಯುವಂತೆ ಏಳೂ ಕಂಪ್ಯೂಟರುಗಳಲ್ಲಿ ಹೊಂದಿಸಿ. ಅಂಥ ಏರ್ಪಾಡು ಆ ತಂತ್ರಾಂಶದಲ್ಲೇ ಇದೆಯಂತೆ, ಒಂದು ಮಧ್ಯಾಹ್ನದ ಕೆಲಸವಂತೆ. ಆರು ವರ್ಷದಲ್ಲಿ ನಿಮಗೊಂದು ಮಧ್ಯಾಹ್ನ ಸಿಗಲಿಲ್ಲವೇ? ಮತ್ತು ದೊಡ್ಡಕ್ಕನ ಸೇವಾ ಪುಸ್ತಕಕ್ಕೆ ‘ನಿರ್ಲಕ್ಷ್ಯ’ ಎಂಬ ಆ ಪದ ಹೋಗಕೂಡದು.

ಕೊನೆಯದಾಗಿ, ಮೂರು ವಾರದಿಂದ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿರುವುದನ್ನು ಹೇಳಿಬಿಡುತ್ತೇನೆ. ಆ ಕಡತ ಏಳು ಜನಕ್ಕೂ ಬಂದಿತ್ತು. ಏಳು ಜನವೂ ತೆರೆದೆವು, ಏಳು ಜನವೂ ಒತ್ತಿದೆವು. ದೊಡ್ಡಕ್ಕ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಕೂರುವವರು, ಅದಕ್ಕೇ ದಾಖಲೆಯಲ್ಲಿ ಅವರದು ಮೊದಲ ಹೆಸರು. ಮೊದಲ ಹೆಸರು ಸಿಕ್ಕಿದೊಡನೆ ನಿಮ್ಮ ತನಿಖೆಗೆ ತೃಪ್ತಿಯಾಯಿತು, ನಮಗೆಲ್ಲ ಬದುಕಿದೆಯಾ ಬಡಜೀವವೇ ಎನಿಸಿತು. ಅವರ ಮನೆಗೆ ಹೋಗಿ, ಅವರು ಕೊಟ್ಟ ಊಟ ಮಾಡಿ, ಆಗಲೂ ನಾನು ಬಾಯಿ ಬಿಡಲಿಲ್ಲ. ನನಗೆ ನಾಚಿಕೆಯಾಗುತ್ತಿದೆ. ಉಳಿದ ಐವರೊಡನೆ ನಿನ್ನೆ ಮಾತಾಡಿ, ನಾವೂ ಬಂದು ಒಪ್ಪಿಕೊಳ್ಳೋಣ ಎಂದೆ. ಒಬ್ಬರೂ ಇಲ್ಲವೆನ್ನಲಿಲ್ಲ.

ಆದ್ದರಿಂದ ಮಂಗಳವಾರ ವಿಚಾರಣೆಯ ಕೋಣೆಯಲ್ಲಿ ಏಳು ಕುರ್ಚಿ ಹಾಕಿಸತಕ್ಕದ್ದು. ಎಂಟನೆಯದನ್ನು ಹಾಕಿಸುವುದು ತಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು.

ಇಂತಿ,
ದೊಡ್ಡಕ್ಕನಿಗಿಂತ ನಾಲ್ಕು ನಿಮಿಷ ತಡವಾಗಿ ಒತ್ತಿ,
ಮೂರು ವಾರ ತಡವಾಗಿ ಒಪ್ಪಿಕೊಂಡವನು