ಕೋಲು ಜಾರಲಿಲ್ಲ, ಅಕ್ಕಾ

ನಿನ್ನ ಅಂಗಡಿಯ ಹಿಂದಿನ ಕೋಣೆಯಿಂದ
ಹತ್ತೊಂಬತ್ತನೇ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಕೈ ಹೇಗಿದೆ? ಊತ ಇಳಿಯಿತೇ? ಮಲಗುವಾಗ ಕೈಯನ್ನು ದಿಂಬಿನ ಮೇಲೆ ಎತ್ತರಕ್ಕೆ ಇಟ್ಟುಕೊಳ್ಳುತ್ತಿದ್ದೀಯೋ, ಇಲ್ಲ ನಿನ್ನ ಹಳೆಯ ಅಭ್ಯಾಸದಂತೆ ಕೆನ್ನೆಯ ಕೆಳಗೆ ಮಡಚಿಕೊಳ್ಳುತ್ತಿದ್ದೀಯೋ? ಆಪರೇಷನ್ ಆಗಿ ಇನ್ನೂ ಹನ್ನೆರಡು ದಿನ. ಅಷ್ಟರಲ್ಲೇ ಎಡಗೈಯಲ್ಲಿ ಪಾತ್ರೆ ತೊಳೆಯಲು ಹೋಗಿ ಮಗಳ ಕಣ್ಣಿಗೆ ಸಿಕ್ಕಿಬಿದ್ದೆಯಂತೆ. "ಮಾವಾ, ನಿಮ್ಮಕ್ಕನ್ನ ಕುರ್ಚಿಗೆ ಕಟ್ಟಿ ಹಾಕ್ಲಾ?" ಎಂದು ಫೋನಿನಲ್ಲಿ ಕೇಳಿದಳು. ಧಾರಾಳವಾಗಿ ಕಟ್ಟಮ್ಮಾ ಎಂದೆ. ಇನ್ನೊಮ್ಮೆ ಕೇಳಿದರೂ ಅದನ್ನೇ ಹೇಳುತ್ತೇನೆ. ನನ್ನ ಆರೋಗ್ಯ ಫೇರ್ಲಿ ಗುಡ್ ಕಂಡಿಷನ್. ನಾನು ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದಾಗ, ಹಾರನ್ ಒಂದು ಬಿಟ್ಟು ಮಿಕ್ಕೆಲ್ಲವೂ ಸದ್ದು ಮಾಡುವ ಬಸ್ಸುಗಳ ಕಾಗದದಲ್ಲಿ ಹೀಗೇ ಬರೆಯುತ್ತಿದ್ದರು. ಮಂಡಿ ಮೆಟ್ಟಿಲು ಹತ್ತುವಾಗ ಮಾತಾಡುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ.

ಕೋಲು ಕ್ಷೇಮ. ಇದನ್ನು ಮೊದಲೇ ಬರೆದುಬಿಟ್ಟೆ, ಇನ್ನು ನಿಧಾನವಾಗಿ ಓದು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಾದರೆ ನಾನು ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ನಿನ್ನ ಬೈಗುಳ ಶುರುವಾಗಿರುತ್ತದೆ. ಕಾಗದವಾದರೆ ಪೂರ್ತಿ ಓದಿ ಆಮೇಲೆ ಬೈಯಬೇಕು, ಅಷ್ಟು ಹೊತ್ತು ನನಗೆ ಲಾಭ.

ನೀನು ಹೊರಟ ದಿನ ಬಾಗಿಲಲ್ಲಿ ನಿಂತು ಹೇಳಿದ್ದನ್ನು ನಾನು ಕೇಳಿಸಿಕೊಳ್ಳದವನಂತೆ ನಿನ್ನ ಚೀಲದ ಜಿಪ್ ಎಳೆಯುತ್ತಿದ್ದೆನಲ್ಲ, ಕೇಳಿಸಿತ್ತು. "ಇದು ಈ ಕೈ ಸುತ್ತಿರೋ ಕಡೇ ಕೋಲು ಆದ್ರೂ ಆಯ್ತು ಕಣೋ. ಹಾಳು ಮಾಡ್ಬೇಡ." ಮೀನು ಹಿಡಿಯುವ ಏಳಡಿ ಗಾಳದ ಕೋಲು, ದಾರ ಹಾಯಲು ಒಂಬತ್ತು ಉಂಗುರ, ಒಂದೊಂದು ಉಂಗುರದ ಕಾಲಿಗೂ ಕೂದಲಿಗಿಂತ ತೆಳುವಾದ ಹಸಿರು ನೂಲಿನ ಸುತ್ತು. ನಡುಗುವ ಕೈಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಮೂರು ವಾರ ಕೂತು ನೀನು ಸುತ್ತಿದ್ದು. ಅದರ ಮೇಲೆ ಎಪಾಕ್ಸಿ ಮೆರುಗು ಬಳಿದು, ಅದು ಇಳಿಯದಂತೆ ಕೋಲನ್ನು ಯಂತ್ರದಲ್ಲಿ ತಿರುಗಿಸುತ್ತಾ ಒಣಗಿಸುವುದಷ್ಟೇ ನನ್ನ ಪಾಲಿಗೆ ಬಿಟ್ಟಿದ್ದೆ. "ಬಳಿಯೋದು ಯಾರಾದ್ರೂ ಬಳೀತಾರೆ. ತಿರುಗೋವಾಗ ಕೋಲನ್ನ ಭದ್ರವಾಗಿ ಇಟ್ಕೊಳ್ಳೋದೇ ಕೆಲಸ" ಎಂದೂ ಹೇಳಿದ್ದೆ. ಆಗ ಅದು ನನಗೆ ದೊಡ್ಡವರ ಮಾತಿನ ಹಾಗೆ ಕೇಳಿತು. ಒಂದು ಸಣ್ಣ ಮೋಟಾರು, ನಿಮಿಷಕ್ಕೆ ಹತ್ತು ಸುತ್ತು, ಅದರಲ್ಲಿ ಭದ್ರತೆಯ ಪ್ರಶ್ನೆ ಎಲ್ಲಿಂದ ಬರಬೇಕು? ಅದನ್ನು ಡ್ರೈಯರ್ ಎಂದು ಯಾಕೆ ಕರೆಯುತ್ತೀರೋ ನನಗೆ ಇನ್ನೂ ಅರ್ಥವಾಗಿಲ್ಲ. ಬಿಸಿಯಿಲ್ಲ, ಗಾಳಿಯಿಲ್ಲ. ಸುಮ್ಮನೆ ತಿರುಗಿಸುತ್ತದೆ.

ಹೋದ ಬುಧವಾರ ಬೆಳಿಗ್ಗೆ ಒಳ್ಳೆಯ ಬಿಸಿಲಿತ್ತು. ಎರಡು ಬಾಟಲಿಯಿಂದ ಸಮಸಮ ಅಳೆದು, ಗುಳ್ಳೆ ಏಳದಂತೆ ನಿಧಾನವಾಗಿ ಕಲಸಿ, ನೀನು ತೋರಿಸಿದ ಚಪ್ಪಟೆ ಕುಂಚದಲ್ಲಿ ಒಂಬತ್ತಕ್ಕೂ ಬಳಿದೆ. ಬಳಿದದ್ದರಲ್ಲಿ ತಪ್ಪಿಲ್ಲ. ತಪ್ಪು ಅದಕ್ಕೂ ಮುಂಚೆಯೇ ಆಗಿತ್ತು. ಹಿಂದಿನ ದಿನ ಕಸ ಗುಡಿಸಲು ಹೋಗಿ, ನೀನು ಮುಟ್ಟಬೇಡ ಎಂದಿದ್ದ ಉದ್ದನೆಯ ಮೇಜನ್ನು ಸರಿಸಿದ್ದೆ. (ಇಲ್ಲಿ ಒಂದು ಸಲ ಬೈದು ಮುಂದೆ ಓದು.) ಸರಿಸಿದ ಮೇಲೆ ಒಂದು ಕಾಲು ಆಡುತ್ತಿತ್ತು. ರಟ್ಟು ಮಡಚಿ ಅದರಡಿಗೆ ಕೊಟ್ಟೆ. ಮೇಜು ಆಡುವುದು ನಿಂತಿತು, ನನಗೂ ಸಮಾಧಾನವಾಯಿತು. ಆದರೆ ರಟ್ಟು ಕೊಟ್ಟದ್ದು ಮೋಟಾರು ಇರುವ ಕಡೆಯ ಕಾಲಿಗೆ. ಆ ತುದಿ ಒಂದು ನೂಲೆಳೆಯಷ್ಟು ಮೇಲೆದ್ದಿತು, ಕೋಲಿನ ತುದಿ ಅಷ್ಟೇ ತಗ್ಗಿತು.

ಇನ್ನು ಮೋಟಾರಿನ ಮೂತಿಗಿರುವ ಮೂರು ತಿರುಪಿನ ಬಟ್ಟಲಿನ ಕಥೆ. ಕೋಲಿನ ಬುಡವನ್ನು ಅದರೊಳಗಿಟ್ಟು ಮೂರು ಕಡೆಯಿಂದ ತಿರುಪು ಬಿಗಿದರೆ ಮೋಟಾರಿನ ಜೊತೆ ಕೋಲೂ ತಿರುಗುತ್ತದೆ, ಅದು ಗೊತ್ತಿತ್ತು. ಮೊದಲು ಸೀಲಿಂಗ್ ಫ್ಯಾನಿಗೆ ಬಿಗಿದಂತೆ ಬಿಗಿದೆ. ಬೆಂಡಿನ ಹಿಡಿಯಲ್ಲಿ ಸಣ್ಣ ಗುಳಿ ಬಿತ್ತು. ಗಾಬರಿಯಾಗಿ ಮೂರನ್ನೂ ಸಡಿಲಿಸಿದೆ. ಎಷ್ಟು ಬಿಗಿ ಸಾಕು ಎಂಬುದು ನಿನ್ನ ಬೆರಳಿಗೆ ಗೊತ್ತು, ನನ್ನ ಬೆರಳಿಗೆ ಗೊತ್ತಿಲ್ಲ. ಕೋಲು ಗುಂಡಗೆ ತಿರುಗತೊಡಗಿದಾಗ ನೋಡಲು ಎಷ್ಟು ಚೆನ್ನಾಗಿತ್ತೆಂದರೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ಕಾಲೇಜಿನ ಫಿಸಿಕ್ಸ್ ನೆನಪಾಯಿತು. ಎ ಬಾಡಿ ಈಸ್ ಸೆಡ್ ಟು ಬಿ ಇನ್ ಯೂನಿಫಾರ್ಮ್ ಸರ್ಕ್ಯುಲರ್ ಮೋಷನ್ ವೆನ್ ಇಟ್... ಅಲ್ಲಿಗೆ ನಿಂತಿತು. ಪರೀಕ್ಷೆಯಲ್ಲೂ ಅಲ್ಲಿಗೇ ನಿಂತಿತ್ತು. ಮುಂದಿನ ಪದ ಹುಡುಕುತ್ತಾ ಕೂತಿದ್ದವನು ಇಪ್ಪತ್ತು ನಿಮಿಷದ ಮೇಲೆ ನೋಡುತ್ತೇನೆ, ಬಟ್ಟಲಿನೊಳಗೆ ಎರಡು ಬೆರಳಗಲ ಕೂತಿದ್ದ ಹಿಡಿ ಒಂದೇ ಬೆರಳಗಲ ಉಳಿದಿದೆ. ಒಂದೊಂದು ಸುತ್ತಿಗೂ ಕೂದಲೆಳೆಯಷ್ಟು ಇಳಿಜಾರಿಗೆ ನಡೆಯುತ್ತಾ ಕೋಲು ಬಟ್ಟಲಿನಿಂದ ಆಚೆ ಬರುತ್ತಿದೆ!

ಅಕ್ಕಾ, ಕುರ್ಚಿ ಬಿಟ್ಟು ಎದ್ದೆ. ಯಂತ್ರ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಜೇನಿನ ಹಾಗಿದ್ದ ಎಪಾಕ್ಸಿ ಕೆಳಮುಖಕ್ಕೆ ಇಳಿದು ಗಂಟು ಕಟ್ಟುತ್ತದೆ. ಬಿಡುವಂತೆಯೂ ಇಲ್ಲ. ಇನ್ನೊಂದು ಬೆರಳಗಲ ಜಾರಿದರೆ ಬುಡ ಕಳಚಿ, ಉದ್ದಕ್ಕೂ ಅದನ್ನು ಹೊತ್ತಿದ್ದ ಎರಡು ಕವಲುಕಂಬಗಳ ಮೇಲಿಂದ ಕೋಲು ನೆಲಕ್ಕೆ ಬೀಳುತ್ತದೆ, ಒಂಬತ್ತು ಹಸಿ ಸುತ್ತಿಗೂ ಧೂಳು ಮೆತ್ತುತ್ತದೆ. ತಿರುಪು ಬಿಗಿಯೋಣವೆಂದರೆ ತಿರುಗುವ ಬಟ್ಟಲಿನಲ್ಲಿ ತಿರುಪುಳಿ ಇಡುವುದು ಹೇಗೆ? ಓಡಿಹೋಗಿ ಕೋಲಿನ ತುದಿಯ ಕಡೆ ನಿಂತು, ಅಂಗೈಯನ್ನು ಗೋಡೆಯ ಹಾಗೆ ಅಡ್ಡ ಹಿಡಿದು, ಮೆಲ್ಲಗೆ ಒಳಕ್ಕೆ ತಳ್ಳಿದೆ. ಒಳಗೆ ಹೋಯಿತು. ಕೈ ತೆಗೆದೆ. ಮತ್ತೆ ಹೊರಟಿತು. ಮತ್ತೆ ಕೈ ಕೊಟ್ಟೆ. ಒಣಗುವ ತನಕ ಹೀಗೆ ಐದು ಗಂಟೆ ನಿಲ್ಲಬೇಕಲ್ಲ ಎಂದುಕೊಂಡೆ. ನಿಂತೆ. ಅಂಗೈಯ ನಡುವೆ ತುದಿಯ ಉಂಗುರ ತಿರುಗುತ್ತಾ ಕಚಗುಳಿ ಇಡುತ್ತಿತ್ತು, ನನಗೋ ಅಳು ಬರುವ ಹಾಗಿತ್ತು. ನೀನು ಮುಂಗೈಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಆರನೇ ಉಂಗುರ ಸುತ್ತಿದ್ದು ನೆನಪಾಗುತ್ತಿತ್ತು. ಇದು ನೆಲಕ್ಕೆ ಬಿದ್ದರೆ ಹೋಗಲಿ ಬಿಡು, ಇನ್ನೊಂದು ಸುತ್ತುತ್ತೇನೆ ಎಂದು ನೀನು ಹೇಳುವ ಹಾಗಿಲ್ಲವಲ್ಲ, ಅದೇ ತಲೆಯಲ್ಲಿ.

ನಲವತ್ತು ನಿಮಿಷ ಆಗಿರಬೇಕು. ಮುಂಬಾಗಿಲ ಗಂಟೆ ಬಾರಿಸಿತು. ತೆಗೆದೇ ಇದೆ, ಬನ್ನಿ ಎಂದು ಕೂಗಿದೆ. ಬಂದವರು ಯಾರೆಂದುಕೊಂಡೆ? ಕೋಲು ಮಾಡಿಸುತ್ತಿರುವ ಎದುರು ಬೀದಿಯ ಹಲ್ಲಿನ ಡಾಕ್ಟರಮ್ಮನೇ! ಯಾವತ್ತು ಸಿಗುತ್ತದೆ ಎಂದು ಕೇಳಲು ಬಂದಿದ್ದರು. ಬಾಗಿಲಲ್ಲೇ ನಿಂತು ನನ್ನನ್ನು ನೋಡಿ, "ಏನ್ ಯಜಮಾನ್ರೇ, ನನ್ ಕೋಲಿಗೆ ಟ್ರಾಫಿಕ್ ಪೊಲೀಸ್ ಆಗಿದ್ದೀರಾ?" ಎಂದರು. ಗಿರಾಕಿಯ ಮುಂದೆ ಅಂಗಡಿಯ ಮರ್ಯಾದೆ ಕಳೆಯಬಾರದೆಂದು, ಎವೆರಿಥಿಂಗ್ ಈಸ್ ಅಂಡರ್ ಕಂಟ್ರೋಲ್ ಮೇಡಂ ಎಂದೆ. ಅವರು ಬಗ್ಗಿ ಬಟ್ಟಲು ನೋಡಿದರು, ಮೇಜಿನ ಕಾಲು ನೋಡಿದರು, ನನ್ನ ಮುಖ ನೋಡಿದರು. ಚಪ್ಪಲಿ ಬಿಟ್ಟು ಒಳಗೆ ಬಂದು, "ಸರೀರಿ, ನಾನ್ ಹಿಡ್ಕೋತೀನಿ. ಅಲ್ಲಿ ಒಬ್ರಿಗೆ ಸೂಜಿ ಚುಚ್ಚಿ ಬಂದಿದ್ದೀನಿ. ದವಡೆ ಜೋಮು ಹಿಡಿಯೋಕೆ ಹತ್ತು ನಿಮಿಷ ಬೇಕು. ಅಷ್ಟರಲ್ಲಿ ಏನಾದ್ರೂ ಮಾಡಿ" ಎಂದರು. ಕೈ ಬದಲಾಯಿಸಿಕೊಂಡೆವು. ಅವರ ಕೈ ಒಂದಿಷ್ಟೂ ಅಲ್ಲಾಡಲಿಲ್ಲ, ಅದನ್ನು ಹೇಳಲೇಬೇಕು.

ಮೊದಲು ರಟ್ಟು ತೆಗೆದು ಎದುರು ಕಾಲಿಗೆ ಕೊಟ್ಟೆ. ನಡಿಗೆ ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ರಬ್ಬರ್ ಬ್ಯಾಂಡ್ ಹಾಕಿ ಕೋಲನ್ನು ಬಟ್ಟಲಿನೊಳಕ್ಕೆ ಎಳೆದು ಕಟ್ಟಬೇಕು ಎಂದು ಹೊಳೆಯಿತು. ನಿನ್ನ ಡ್ರಾಯರಿನಲ್ಲಿದ್ದವೆಲ್ಲ ಮುದಿಯಾಗಿದ್ದವು, ಎಳೆದರೆ ಪಟ್ ಪಟ್ ಎಂದು ಹರಿದವು. "ನನ್ ಹತ್ರ ಹಲ್ಲಿಗೆ ಹಾಕೋ ರಬ್ಬರ್ ಇದೆ, ಆದ್ರೆ ಕಡ್ಲೆ ಕಾಳಿನಷ್ಟು" ಎಂದರು ಡಾಕ್ಟರಮ್ಮ, "ಎಂಟು ನಿಮಿಷ" ಎಂದೂ ಸೇರಿಸಿದರು. ನಾನು ಮಹಡಿ ಹತ್ತಿದೆ. ಮಂಡಿ ಮಾತಾಡಿತೋ ಇಲ್ಲವೋ ಗೊತ್ತಿಲ್ಲ. ಬಚ್ಚಲ ಬಾಗಿಲ ಹಿಂದಿನ ಮೊಳೆಯಲ್ಲಿ ನನ್ನವಳ ಕೂದಲಿನ ಬ್ಯಾಂಡುಗಳು ನೇತಾಡುತ್ತಿವೆಯಲ್ಲ, ಬಟ್ಟೆ ಹೊದಿಸಿದ್ದು. ಅವಳು ತೀರಿಹೋಗಿ ನಾಲ್ಕು ವರ್ಷ. ನಾನು ತೆಗೆದಿರಲಿಲ್ಲ, ತೆಗೆ ಎಂದು ನೀನೂ ಹೇಳಿರಲಿಲ್ಲ. ಅವುಗಳ ಮುಂದೆ ನಿಂತು ಒಂದು ನಿಮಿಷ ವ್ಯರ್ಥ ಮಾಡಿದೆ ಎಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ ಕೆಳಗಿನಿಂದ "ಯಜಮಾನ್ರೇ!" ಎಂಬ ಕೂಗು ಬಂತು. ಎಲ್ಲವನ್ನೂ ಬಾಚಿಕೊಂಡು ಇಳಿದೆ.

ಹಿಡಿಯ ಮೇಲೆ ರೀಲು ಕೂರಿಸುವ ಕಡೆ ಒಂದು ಅಂಚು ಎದ್ದಿರುತ್ತದಲ್ಲ, ಬ್ಯಾಂಡನ್ನು ಅಲ್ಲಿ ಸಿಕ್ಕಿಸಿ ಒಂದು ತಿರುಪಿನ ತಲೆಗೆ ಎಳೆದು ಹಾಕಿದೆ. ತಿರುಗುತ್ತಿರುವಾಗಲೇ ಹಾಕಬೇಕು, ನಿಮಿಷಕ್ಕೆ ಹತ್ತೇ ಸುತ್ತು ಎಂದು ಆಗ ಎಷ್ಟು ಖುಷಿಯಾಯಿತು ಗೊತ್ತೇ! ಆದರೆ ಒಂದೇ ಕಡೆ ಎಳೆದದ್ದರಿಂದ ಆ ತುದಿಯಲ್ಲಿ ಕೋಲು ಕುಣಿಯತೊಡಗಿತು. "ಇದೇನ್ರೀ, ಇದಕ್ಕೆ ಹುಚ್ಚು ಹಿಡೀತು" ಎಂದರು ಅವರು. ಎರಡನೇ ತಿರುಪಿಗೆ ಇನ್ನೊಂದು, ಮೂರನೆಯದಕ್ಕೆ ಮತ್ತೊಂದು. ಮೂರೂ ಸಮವಾಗಿ ಎಳೆದಾಗ ಕುಣಿತ ನಿಂತಿತು. ಡಾಕ್ಟರಮ್ಮ ಕೈ ತೆಗೆದರು. ಇಬ್ಬರೂ ಬಗ್ಗಿ ನೋಡಿದೆವು. ಹಿಡಿಯ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ ಹಾಕಿ ಮತ್ತೆ ನೋಡಿದೆವು. ಗೆರೆ ಇದ್ದಲ್ಲೇ ಇತ್ತು. ಕೋಲು ಮೇಲಕ್ಕೆ ನೆಗೆಯದಿರಲೆಂದು ಎರಡು ಕವಲುಗಳ ಮೇಲೂ, ಉಂಗುರಗಳಿಗೆ ತಾಗದ ಜಾಗ ನೋಡಿ, ಬಟ್ಟೆಯ ಪಟ್ಟಿ ಸಡಿಲವಾಗಿ ಹಾಸಿ ಕಟ್ಟಿದೆ. "ದವಡೆ ಜೋಮು ಇಳಿದೋಗಿರತ್ತೆ, ಪಾಪ" ಎನ್ನುತ್ತಾ ಅವರು ಓಡಿದರು. ಆಚೆ ಬೀದಿಯಿಂದ ಯಾರೂ ಕಿರುಚಿದ್ದು ಕೇಳಿಸಲಿಲ್ಲ, ಆದ್ದರಿಂದ ಅವರ ಕೆಲಸವೂ ನಡೆದಿರಬೇಕು.

ಐದು ಗಂಟೆ ಹೊತ್ತು ಕುರ್ಚಿ ಬಿಟ್ಟು ಏಳಲಿಲ್ಲ. ಬ್ರೆಡ್ಡನ್ನು ಅಲ್ಲೇ ಕೂತು ತಿಂದೆ. ಪ್ರತಿ ಕಾಲು ಗಂಟೆಗೊಮ್ಮೆ ಗೆರೆ ನೋಡುವುದು (ಮೂವತ್ತೊಂದು ವರ್ಷ ಬಸ್ಸಿನ ಸಮಯ ಬರೆದ ಅಭ್ಯಾಸ), ಹಳೆಯ ಕ್ಯಾಲೆಂಡರಿನ ಹಿಂದೆ "ಸರಿಯಿದೆ" ಎಂದು ಬರೆಯುವುದು. ಇಪ್ಪತ್ತು "ಸರಿಯಿದೆ" ಆದ ಮೇಲೆ ಮೆರುಗು ಮುಟ್ಟಿದರೆ ಅಂಟದಷ್ಟು ಗಟ್ಟಿಯಾಗಿತ್ತು. ಆದರೂ ಮುಟ್ಟಲಿಲ್ಲ, ಕುಂಚದ ಕಡ್ಡಿಯಲ್ಲಿ ಉಳಿದದ್ದನ್ನು ಮುಟ್ಟಿ ನೋಡಿದೆ. ಆಗ ಬೆನ್ನು ನೋಯುತ್ತಿರುವುದು ಗೊತ್ತಾಯಿತು. ಒಳ್ಳೆಯ ನೋವು.

ಶನಿವಾರ ಡಾಕ್ಟರಮ್ಮ ಕೋಲು ತೆಗೆದುಕೊಂಡು ಹೋಗಲು ಬಂದರು. ಬರಿಗೈಯಲ್ಲಿ ಬರಲಿಲ್ಲ ಮಹಾತಾಯಿ, ಬಾಯೊಳಗೆ ನೋಡುವ ಪುಟ್ಟ ಕನ್ನಡಿ ತಂದಿದ್ದರು! ಒಂಬತ್ತು ಉಂಗುರದ ಅಡಿಗೂ ಕನ್ನಡಿ ಹಿಡಿದು ನೋಡಿದರು. ನಾನು ಬಾಯಿ ತೆರೆದು ಕೂತ ರೋಗಿಯ ಹಾಗೆ ನಿಂತಿದ್ದೆ. ಕೊನೆಗೆ ಕನ್ನಡಿ ಜೇಬಿಗೆ ಹಾಕಿಕೊಂಡು, "ನಿಮ್ಮಕ್ಕನ ನೂಲು ಒಂದೆಳೆ ಆಚೀಚೆ ಇಲ್ಲ. ನಿಮ್ ಮೆರುಗಲ್ಲಿ ಒಂದು ಗುಳ್ಳೆ ಇಲ್ಲ. ಇಷ್ಟು ನಯವಾಗಿರೋದು ನನ್ ಪೇಷಂಟ್ಸ್ ಬಾಯಲ್ಲಿ ಒಂದೂ ಇಲ್ಲ" ಎಂದರು. ಹಿಡಿಯ ಮೇಲಿನ ಗುಳಿ ತೋರಿಸಿ ಇದು ನನ್ನದು ಎಂದು ಒಪ್ಪಿಕೊಂಡೆ. ಹೆಬ್ಬೆರಳು ಇಡಲು ಜಾಗವಾಯಿತು ಎಂದು ನಕ್ಕರು. ಅವರು ಹೋದ ಮೇಲೆ ಅಂಗಡಿಯ ಬಾಗಿಲು ಹಾಕಿಕೊಂಡು ಮಧ್ಯಾಹ್ನವಿಡೀ ನಿದ್ದೆ ಮಾಡಿದೆ. ಅಂಥ ನಿದ್ದೆ ಬಂದು ಎಷ್ಟೋ ಕಾಲವಾಗಿತ್ತು.

ಇಷ್ಟೇ ಸಮಾಚಾರ. ಪಟ್ಟಿ ಬಿಚ್ಚಿದ ದಿನ ಬೆರಳು ಎಷ್ಟು ಮಡಚಲು ಬರುತ್ತದೆ ಎಂದು ಮಗಳಿಂದ ಬರೆಸು. ಅವಳಿಗೆ ನನ್ನ ಆಶೀರ್ವಾದ. ಅಳಿಯನಿಗೆ ಕೇಳಿದೆನೆಂದು ಹೇಳು. ನಿನ್ನ ಕಾಲಿಗೆ ಇಲ್ಲಿಂದಲೇ ನಮಸ್ಕಾರ, ಹತ್ತಿರವಿದ್ದರೆ ನೀನು ಒದ್ದುಬಿಡುತ್ತಿದ್ದೆ ಎಂಬುದೂ ಗೊತ್ತು.

ನಿನ್ನ ತಮ್ಮ,
ಗಡಿಬಿಡಿ

ಮರೆತ ಮಾತು: ಪೋಸ್ಟ್ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿನ್ನೆ ಒಬ್ಬರು ಡ್ರೈಯರ್ ನೋಡಲು ಬಂದಿದ್ದರು. ಮಾರುತ್ತೀರಂತೆ, ನಿಮ್ಮಕ್ಕ ಹೇಳಿಕಳಿಸಿದ್ದಾರೆ ಎಂದರು. ಸಣ್ಣ ನೂಲಿನ ಕೆಲಸ ಈ ಕೈಯಿಂದ ಇನ್ನು ಆಗುವುದಿಲ್ಲ ಎಂದು ಆಪರೇಷನ್ ಮಾಡಿದ ಡಾಕ್ಟರು ಹೇಳಿದ್ದೂ ಆ ಬಂದವರ ಬಾಯಿಂದಲೇ ಗೊತ್ತಾಯಿತು. ಮಗಳ ಬಾಯಿ ಮುಚ್ಚಿಸಿದ್ದೆಯಲ್ಲ, ಪಾಪ, ಅವಳು ಹೇಳಿರಲಿಲ್ಲ. ಯಂತ್ರ ಖಾಲಿಯಿಲ್ಲ ಎಂದು ವಾಪಸ್ ಕಳಿಸಿದೆ. ಸುಳ್ಳಲ್ಲ. ಮೂಲೆಯಲ್ಲಿದ್ದ ಮುರುಕು ಕೋಲಿಗೆ ನಾನೇ ಒಂದು ಉಂಗುರ ಸುತ್ತಿ ತಿರುಗಲು ಹಾಕಿದ್ದೇನೆ. ನೂಲು ಹನ್ನೊಂದು ಕಡೆ ಒಂದರ ಮೇಲೊಂದು ಹತ್ತಿದೆ. ಡಾಕ್ಟರಮ್ಮನ ತಂಗಿಗೂ ಒಂದು ಕೋಲು ಬೇಕಂತೆ. ಆರು ತಿಂಗಳು ಹಿಡಿಯುತ್ತದೆ ಎಂದು ಹೇಳಿ ಒಪ್ಪಿಕೊಂಡೆ. ಸುತ್ತುವ ಕೈ ನನ್ನದು. ನೀನು ಪಕ್ಕದಲ್ಲಿ ಕೂತು ಬಿಚ್ಚು, ಬಿಚ್ಚು, ಮತ್ತೆ ಸುತ್ತು ಎನ್ನುತ್ತಿದ್ದರೆ ಸಾಕು. ಬಾಯಿಗೇನೂ ಆಪರೇಷನ್ ಆಗಿಲ್ಲವಲ್ಲ.